ನಾವೂ ನಮ್ಮ ನಾಯಿಯೂ

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ವೇದಿಕೆಯ ಮೇಲೆ ನಿಂತವರು ಪುಲಕೇಶಿ, ನೃಪತುಂಗರಿಂದ ಮಾತನ್ನಾರಂಭಿಸುವುದು ವಾಡಿಕೆ. ನಮ್ಮನ್ನು ಕರೆದ ಕಾರ್ಯದರ್ಶಿಗಳನ್ನು "ಯಾವ ವಿಷಯ?" ಎಂದು ಕೇಳಿದೆವು. "ನಿಮಗೆ ಅನುಭವವಿರುವ ವಿಷಯ" ಎಂದರು. ಇಪ್ಪತ್ತು ವರ್ಷ ಕಾರಖಾನೆಯೊಂದರಲ್ಲಿ ಲೆಕ್ಕ ಬರೆದ ನಮಗೆ ಅನುಭವವಿರುವ ವಿಷಯಗಳು ಎರಡೇ. ಒಂದು ಜಮಾ-ಖರ್ಚು, ಇನ್ನೊಂದು ನಾಯಿ. ಮೊದಲನೆಯದನ್ನು ಊಟದ ಮುಂಚೆ ಕೇಳಲು ನೀವಾರೂ ಒಪ್ಪಲಾರಿರಿ. ಆದುದರಿಂದ ಎರಡನೆಯದನ್ನೇ ಹಿಡಿದುಕೊಂಡು ಬಂದಿದ್ದೇವೆ.

ನಾವು ಎಂದರೆ ಯೆರವಡಾದಲ್ಲಿ ಮೂರನೆಯ ಮಹಡಿಯ ಮನೆಯೊಂದರ ಐದು ಜನ: ನಮ್ಮ ತಾಯಿಯವರು, ನಾವು ಗಂಡಹೆಂಡಿರು, ಒಂಬತ್ತನೆಯ ಇಯತ್ತೆಯ ಮಗ, ಐದನೆಯ ಇಯತ್ತೆಯ ಮಗಳು. ಆರನೆಯವನು ಬಂದದ್ದು ನಾಲ್ಕು ವರ್ಷದ ಹಿಂದೆ. ಜಮಖಂಡಿಗೆ ಮದುವೆಗೆಂದು ಹೋಗಿದ್ದೆವು. ಅಲ್ಲಿ ಬೀಗರ ತೋಟದಲ್ಲಿ ಮುಧೋಳ ತಳಿಯ ನಾಯಿ ಈದಿತ್ತು. "ಪುಣೆಕ್ಕ ಒಂದು ಒಯ್ರಿ, ನಮ್ಮ ನಾಡಿನ ನೆನಪು ಇರ್ತದ" ಎಂದರು. ಮರಿಗೆ ಆಗ ಐದು ವಾರವೂ ತುಂಬಿರಲಿಲ್ಲ. ಬುಟ್ಟಿಯಲ್ಲಿ ಟವೆಲ್ಲು ಹಾಸಿ ಅದನ್ನು ಇಟ್ಟುಕೊಂಡು ಬಂದೆವು. ಮರಿಯನ್ನು ಎಂಟು ವಾರದ ಮುಂಚೆ ತಾಯಿಯಿಂದ ಅಗಲಿಸಬಾರದು, ಎಷ್ಟು ಬಲವಾಗಿ ಕಚ್ಚಿದರೆ ನೋವಾಗುತ್ತದೆಂಬುದನ್ನು ಅದು ಒಡಹುಟ್ಟಿದ ಮರಿಗಳ ಜೊತೆ ಆಡಿಯೇ ಕಲಿಯಬೇಕು ಎಂಬ ಸಂಗತಿ ನಮಗೆ ತಿಳಿದದ್ದು ಬಹಳ ತಡವಾಗಿ. ತಪ್ಪಿನ ಲೆಕ್ಕವನ್ನು ಅಲ್ಲಿಂದಲೇ ಬರೆಯಬೇಕು.

ಆದರೆ ಆಗ ನಮಗೆ ಹೆಮ್ಮೆಯೋ ಹೆಮ್ಮೆ. ಮುಧೋಳದ ನಾಯಿಯೆಂದರೆ ಸಾಮಾನ್ಯವೆ? ನೀಳ ಮೋರೆ, ಸಣ್ಣ ನಡು, ಬಿಟ್ಟ ಬಾಣದಂಥ ಓಟ. ಮುಧೋಳದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಕಾಪಾಡಿ ಬೆಳೆಸಿ, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರೆಂದು ಹೇಳುತ್ತಾರೆ. 2005ರಲ್ಲಿ ಭಾರತದ ಅಂಚೆ ಇಲಾಖೆ ಇದರ ಚಿತ್ರವಿರುವ ಚೀಟಿ ಹೊರಡಿಸಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದವರ ಶ್ವಾನ ಸಂಶೋಧನ ಕೇಂದ್ರವಿದೆ. 2016ರಲ್ಲಿ ನಮ್ಮ ಸೈನ್ಯ ಕೆಲವು ಮರಿಗಳನ್ನು ಮೀರತ್ತಿಗೆ ಒಯ್ದು ತರಬೇತಿಗೆ ಹಚ್ಚಿತು. ಇಷ್ಟನ್ನೂ ನಾವು ಬಂದವರಿಗೆಲ್ಲ ಹೇಳುತ್ತಿದ್ದೆವು. ಇಂಥ ಬೇಟೆನಾಯಿ ಮೂರನೆಯ ಮಹಡಿಯ ಗ್ಯಾಲರಿಯಲ್ಲಿ ಇಡೀ ದಿನ ಏನು ಮಾಡಬೇಕೆಂದು ಮಾತ್ರ ಯೋಚಿಸಿರಲಿಲ್ಲ.

ಹೆಸರಿಟ್ಟ ಕಥೆಯನ್ನೂ ಹೇಳಿಬಿಡುತ್ತೇವೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ. ಶ. 949-50ರ ಒಂದು ಶಾಸನ ಸಿಕ್ಕಿದೆ. ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ಚೋಳರ ರಾಜಾದಿತ್ಯನ ಮೇಲೆ ಹೋರಿದನಷ್ಟೆ. ಆ ಯುದ್ಧದಲ್ಲಿ ಮಣಲೇರನೆಂಬ ವೀರನು ತೋರಿದ ಶೌರ್ಯಕ್ಕೆ ಮೆಚ್ಚಿ ಬೂತುಗನು "ಬೇಡಿಕೋ" ಎಂದ. ಊರು ಕೇಳಬಹುದಾಗಿತ್ತು, ಹೊನ್ನು ಕೇಳಬಹುದಾಗಿತ್ತು. ಅವನು ಕೇಳಿದ್ದು ಅರಸನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು! ಮುಂದೆ ಆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು ಹೋರಾಡಿತು, ನಾಯಿ ಹಂದಿ ಎರಡೂ ಜೊತೆಯಲ್ಲೇ ಸತ್ತವು. ಮಣಲೇರನು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಿಸಿದ. ಮುಧೋಳದವನೇ ಆದ ಕವಿ ರನ್ನ ಹುಟ್ಟಿದ್ದೂ 949ರಲ್ಲೇ ಎನ್ನುತ್ತಾರೆ. ಕಾಲ ಕೂಡಿತು, ಊರು ಕೂಡಿತು, ನಾಯಿಗೆ ಕಾಳಿ ಎಂದೇ ಹೆಸರಿಟ್ಟೆವು. ನಮ್ಮ ತಾಯಿಯವರು ಒಪ್ಪಲಿಲ್ಲ. "ದೇವಿ ಹೆಸರ ಹಿಡದು ನಾಯೀನ ಕರೀಲೇನು?" ಎಂದು, ಕಂದುಬಣ್ಣದ ಅದನ್ನು "ಕರಿಯಾ" ಎಂದು ಕರೆದರು. ಮಕ್ಕಳ ಬಾಯಲ್ಲಿ ಅದು "ಕ್ಯಾಲಿ" ಆಯಿತು.

ಮೊದಲ ವರ್ಷದ ಪ್ರತಾಪಗಳನ್ನು ವಿಸ್ತರಿಸುವುದಿಲ್ಲ. ನಾಯಿ ಸಾಕಿದವರಿಗೆ ಗೊತ್ತೇ ಇದೆ. ಎರಡು ಜೊತೆ ಕೊಲ್ಹಾಪುರಿ ಚಪ್ಪಲಿ, ಸೋಫಾದ ಒಂದು ತೋಳು, ಮಗನ ಭೂಗೋಳದ ಪುಸ್ತಕ (ಅದಕ್ಕಾಗಿ ಅವನು ಅತ್ತಂತೆ ಕಾಣಲಿಲ್ಲ). ಬಂದವರ ಎದೆಯ ಮೇಲೆ ಹಾರುವುದು. ಪತ್ರಿಕೆ ಹಾಕುವ ಹುಡುಗರ ಸೈಕಲ್ಲು ಕಂಡೊಡನೆ ಸರಪಳಿ ಕಿತ್ತುಕೊಂಡು ಓಡುವುದು. ನಾವು ಮಾಡುತ್ತಿದ್ದ ಉಪಾಯ ಒಂದೇ: ಪತ್ರಿಕೆಯನ್ನು ಸುರುಳಿ ಸುತ್ತಿ ಹೊಡೆಯುವುದು. ಸಂಜೆ ಮನೆಗೆ ಬಂದು, ಹರಿದ ಚಪ್ಪಲಿ ತೋರಿಸಿ ಬೈದರೆ ಅದು ಕಿವಿ ಹಿಂದಕ್ಕೆಳೆದು, ಬಾಲ ಮುದುರಿ, ಕಣ್ಣು ತಪ್ಪಿಸುತ್ತಿತ್ತು. "ನೋಡಿದಿರಾ, ತಪ್ಪು ತಿಳೀತದ ಅದಕ್ಕ" ಎನ್ನುತ್ತಿದ್ದೆವು. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿ 2009ರಲ್ಲಿ ಇದನ್ನೇ ಪರೀಕ್ಷಿಸಿದ್ದಾರೆ. ನಾಯಿ ತಪ್ಪು ಮಾಡಿರಲಿ ಬಿಡಲಿ, ಒಡೆಯ ಬೈದರೆ ಆ ಮೋರೆ ಬರುತ್ತದೆ. ಏನೂ ಮಾಡದ ನಾಯಿಯೂ ಬೈಗಳಿಗೆ ಹಾಗೆಯೇ ಮುದುರುತ್ತದೆ. ನಾವು ಪಶ್ಚಾತ್ತಾಪವೆಂದು ತಿಳಿದದ್ದು ಬರಿಯ ಅಂಜಿಕೆ.

ಈಗ ಮುಖ್ಯ ಸಂಗತಿಗೆ ಬರುತ್ತೇವೆ. ಹೇಳಲು ಮನಸ್ಸು ಹಿಂಜರಿಯುತ್ತದೆ.

ನಮ್ಮ ಎದುರು ಮನೆಯಲ್ಲಿ ಮರಾಠಿ ಕುಟುಂಬ. ಅವರ ಏಳು ವರ್ಷದ ಹುಡುಗಿ ನಮ್ಮ ಮಗಳ ಜೊತೆ ಆಡಲು ಬರುತ್ತಿದ್ದಳು. ಒಂದು ದಿನ ಕಾಳಿ ತಾಟಿನಲ್ಲಿ ತಿನ್ನುತ್ತಿರುವಾಗ ಅವಳು ಅದರ ಕಿವಿ ಹಿಡಿದಳು. ಅದು ಗುರ್ ಎಂದಿತು. ನಾವು ಓಡಿ ಬಂದು ಪತ್ರಿಕೆಯ ಸುರುಳಿಯಿಂದ ನಾಲ್ಕು ಬಿಗಿದೆವು. ಮಗುವಿನ ಮೇಲೆ ಗುರುಗುಡುವ ನಾಯಿಯನ್ನು ಸಹಿಸುವುದುಂಟೆ? ಮತ್ತೆರಡು ಸಲ ಗುರ್ ಎಂದಿತು, ಮತ್ತೆರಡು ಸಲ ಬಿಗಿದೆವು. ಆಮೇಲೆ ಗುರುಗುಡುವುದನ್ನು ಬಿಟ್ಟಿತು. "ಹೇಗೆ ಸುಧಾರಿಸಿತು ನೋಡಿ" ಎಂದು ಅವರ ಮನೆಗೂ ಹೋಗಿ ಹೇಳಿ ಬಂದೆವು.

ತಿಂಗಳೊಪ್ಪತ್ತಿನಲ್ಲಿ, ಮಳೆಗಾಲದ ಒಂದು ರವಿವಾರ ಬೆಳಿಗ್ಗೆ ಹತ್ತಕ್ಕೆ, ಬಾಗಿಲು ಅರೆ ತೆರೆದಿತ್ತು. ಹುಡುಗಿ ಜಿಗಿಯುವ ಹಗ್ಗ ಹಿಡಿದು ಮೆಟ್ಟಲಿಳಿದು ಓಡಿದಳು. ಕಾಳಿ ಹಿಂದೆಯೇ ಹೋಯಿತು. ಬೊಗಳಲಿಲ್ಲ, ಗುರುಗುಡಲಿಲ್ಲ. ಮೀನಖಂಡಕ್ಕೆ ಬಾಯಿ ಹಾಕಿತು.

ಗಾಯಕ್ಕೆ ಅರಿಸಿನ ಮೆತ್ತಲು ಎರಡೂ ಮನೆಯ ಅಜ್ಜಿಯರು ಡಬ್ಬಿ ಹಿಡಿದು ಬಂದರು. ಕೆಳಮನೆಯ ಡಾಕ್ಟರರು ತಡೆದು, ಹರಿಯುವ ನೀರಿನ ಕೆಳಗೆ ಸಾಬೂನು ಹಚ್ಚಿ ಗಡಿಯಾರ ನೋಡಿ ಹದಿನೈದು ನಿಮಿಷ ತೊಳೆಸಿದರು. ಇದನ್ನು ದಯವಿಟ್ಟು ನೆನಪಿಡಿ. ಅರಿಸಿನ ಬೇಡ, ಖಾರಪುಡಿ ಬೇಡ, ಸುಣ್ಣ ಬೇಡ. ಮೊದಲು ನೀರು ಮತ್ತು ಸಾಬೂನು, ಆಮೇಲೆ ತಡಮಾಡದೆ ದವಾಖಾನೆ. ಆಳವಾದ ಗಾಯಕ್ಕೆ ಅದರ ಸುತ್ತಲೇ ಸೀರಮ್ಮಿನ ಚುಚ್ಚುಮದ್ದು ಹಾಕುತ್ತಾರೆ. ಲಸಿಕೆ ಮೊದಲ ದಿನ, ಆಮೇಲೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೆಂಟನೆಯ ದಿನ. ಹುಚ್ಚುನಾಯಿ ರೋಗದ ಚಿಹ್ನೆ ಒಮ್ಮೆ ಕಾಣಿಸಿಕೊಂಡರೆ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಅದಕ್ಕೇ ಸಾಕಿದ ನಾಯಿ, ಲಸಿಕೆಯಾಗಿದೆ ಎಂದೆಲ್ಲ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಸುಮ್ಮನೆ ಕೂಡಬಾರದು. ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು. ಕಚ್ಚಿದ ಹೊತ್ತಿಗೆ ಅದರ ಜೊಲ್ಲಿನಲ್ಲಿ ವಿಷವಿದ್ದಿದ್ದರೆ ಅಷ್ಟರೊಳಗೆ ಅದು ರೋಗಕ್ಕೆ ಬೀಳುತ್ತದೆ. ಐದೂ ಸಲ ಆ ಹುಡುಗಿಯ ಜೊತೆ ನಮ್ಮಲ್ಲೊಬ್ಬರು ಹೋದೆವು. ಅವಳ ತಾಯಿ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಬೆಳಿಗ್ಗೆ ಹತ್ತಕ್ಕೆ ಕಚ್ಚಿದ ನಾಯಿಗೆ ನಾವು ಬೆತ್ತದಿಂದ ಹೊಡೆದದ್ದು ಸಂಜೆ ಏಳಕ್ಕೆ, ದವಾಖಾನೆಯಿಂದ ಮರಳಿ ಬಂದ ಮೇಲೆ. ಬಾಗಿಲು ತೆರೆದೊಡನೆ ಅದು ಬಾಲ ಅಲ್ಲಾಡಿಸುತ್ತ ನಮ್ಮನ್ನು ಎದುರುಗೊಳ್ಳಲು ಬಂದಿತ್ತು. ಆಗಲೇ ಹೊಡೆದೆವು. ಮುಂದೆ ಎರಡು ತಿಂಗಳು ನಾವು ಬಾಗಿಲು ತೆರೆದರೆ ಅದು ಮಂಚದ ಕೆಳಗೆ ಹೋಗುತ್ತಿತ್ತು.

ಇಮಾರತಿನ ಸಭೆ ನಡೆಯಿತು. ಒಂದು ತಿಂಗಳೊಳಗೆ ನಾಯಿಯನ್ನು ಹದಕ್ಕೆ ತರಬೇಕು, ಇಲ್ಲವೆ ಬೇರೆಡೆ ಕಳಿಸಬೇಕು ಎಂದರು. ಅವರ ಮಾತು ನ್ಯಾಯವಾದದ್ದೇ. ಜಮಖಂಡಿಗೆ ಫೋನು ಮಾಡಿದೆವು. "ಕಚ್ಚೂ ನಾಯಿ ನಮಗ್ಯಾಕ್ರೀ?" ಎಂದರು. ಅದೂ ನ್ಯಾಯವೇ. ಬಂಡ್ ಸೇತುವೆ ದಾಟಿಸಿ ಎಲ್ಲಿಯಾದರೂ ಬಿಟ್ಟುಬರಬಹುದಲ್ಲ ಎಂದು ಬಂಧುಗಳೊಬ್ಬರು ಸೂಚಿಸಿದರು. ಒಂದು ರಾತ್ರಿ ನಾವೂ ಹಾಗೆ ಯೋಚಿಸಿದ್ದುಂಟು, ಮುಚ್ಚಿಡುವುದೇಕೆ?

ಆಗ ಸಿಕ್ಕವರು ವಿಶ್ರಾಂತವಾಡಿಯಲ್ಲಿರುವ ಒಬ್ಬ ನಿವೃತ್ತ ಹವಾಲ್ದಾರರು. ಗದಗದ ಕಡೆಯವರು, ಸೈನ್ಯದಲ್ಲಿ ನಾಯಿಗಳನ್ನು ಪಳಗಿಸಿದವರು. ಬಂದು ಚಹ ಕುಡಿದು, ಕಾಳಿಯ ಕಡೆ ನೋಡದೆ ಗೋಡೆಯ ಕಡೆ ಮೋರೆ ಮಾಡಿ ಅರ್ಧ ತಾಸು ಕೂತರು. ಅದು ತಾನಾಗಿ ಬಂದು ಅವರ ಕೈ ಮೂಸಿತು. ಆಮೇಲೆ ನಮ್ಮೆಲ್ಲರಿಗೂ ಒಬ್ಬೊಬ್ಬರಾಗಿ ಅದನ್ನು ಕರೆಯಲು ಹೇಳಿದರು. ಮಗ "ಕಮ್ ಹಿಯರ್" ಎಂದ. ಮಗಳು "ಇಧರ್ ಆ" ಎಂದಳು. ತಾಯಿಯವರು "ಬಾರೋ ಕರಿಯಾ" ಎಂದರು. ಮನೆಗೆಲಸದ ಬಾಯಿ ಅಡಿಗೆಮನೆಯಿಂದಲೇ "ಯೇ ರೇ" ಎಂದಳು. ಕಾಳಿ ನಡುಮನೆಯಲ್ಲಿ ನಿಂತು ಎಲ್ಲರ ಮೋರೆಯನ್ನೂ ಸರತಿಯಂತೆ ನೋಡಿತು. ಹವಾಲ್ದಾರರು ನಕ್ಕು, "ಸಾಹೇಬ್ರ, ನಾಯಿಗೆ ಕಲಸೂದು ಆಮ್ಯಾಲ ನೋಡೂಣು. ಮದಲ ಮನ್ಯಾಗಿನ ಮಂದಿಗೆ ಕಲಸೂಣು" ಎಂದರು.

ಮನೆಯಲ್ಲಿ ಒಂದು ನಿರ್ಣಯವಾಯಿತು. ನಾಯಿಯ ಜೊತೆ ಕನ್ನಡ ಮಾತ್ರ, ಅದೂ ಐದೇ ಮಾತು: ಬಾ, ಕೂಡು, ತಡಿ, ನಡಿ, ಬಿಡು. ಒಂದು ವಾರದಲ್ಲಿ ಅದರಲ್ಲೂ ಕೊರತೆ ಕಂಡಿತು. ತಡಿ, ನಡಿ ಎರಡೂ ನಾಯಿಯ ಕಿವಿಗೆ ಒಂದೇ! ನಿಲ್ಲೆಂದರೆ ಹೊರಡುತ್ತಿತ್ತು. ಅದಕ್ಕೆ "ತಡಿ"ಯನ್ನು ಬಿಟ್ಟು "ನಿಲ್ಲು" ಮಾಡಿದೆವು. ಹೆಸರೂ ಒಂದೇ ಆಗಬೇಕೆಂದು ಹವಾಲ್ದಾರರು ನಮ್ಮ ತಾಯಿಯವರಿಗೆ ಕೈಮುಗಿದು, "ಅವ್ವಾರ, ದೇವಿ ಸಿಟ್ಟಾಗೂದಿಲ್ರೀ, ಶಾಸನದಾಗ ಬರದಾರಲ್ಲ" ಎಂದು ಒಪ್ಪಿಸಿದರು. ಇದರಿಂದ ನಮಗಾದ ಅನಿರೀಕ್ಷಿತ ಲಾಭವನ್ನು ಈ ಸಭೆಯಲ್ಲಿ ಹೇಳಲೇಬೇಕು. ನಾಯಿಯ ಜೊತೆ ಕನ್ನಡದಲ್ಲಿ ಮಾತನಾಡುವ ಮಕ್ಕಳು ಅಜ್ಜಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡಲು ಸ್ವಲ್ಪ ನಾಚತೊಡಗಿದರು.

ಕಲಿಸುವ ಕ್ರಮ ಏನೆಂದು ಕೇಳುತ್ತೀರಿ. ಶೇಂಗಾಬೀಜದಷ್ಟು ದೊಡ್ಡ ಪನೀರಿನ ಚೂರುಗಳನ್ನು ಕಿಸೆಯಲ್ಲಿಟ್ಟುಕೊಳ್ಳುವುದು. ಚೂರನ್ನು ನಾಯಿಯ ಮೂಗಿನ ಮುಂದೆ ಹಿಡಿದು ಮೆಲ್ಲಗೆ ತಲೆಯ ಹಿಂದಕ್ಕೆ ಒಯ್ದರೆ ಅದರ ಹಿಂಭಾಗ ತಾನಾಗಿಯೇ ಕೆಳಗಿಳಿಯುತ್ತದೆ. ಇಳಿದ ಕ್ಷಣವೇ "ಕೂಡು" ಎಂದು ಚೂರು ಬಾಯಿಗಿಡಬೇಕು. ಕ್ಷಣವೇ ಎಂದದ್ದನ್ನು ಗಮನಿಸಿ. ಐದು ಸೆಕೆಂಡು ತಡವಾದರೆ ಅದು ಎದ್ದು ನಿಂತದ್ದಕ್ಕೆ ಬಹುಮಾನ ಸಿಕ್ಕಿತೆಂದು ತಿಳಿಯುತ್ತದೆ. ನಮ್ಮ ಬೆತ್ತ ಒಂಬತ್ತು ತಾಸು ತಡವಾಗಿತ್ತು. ಐದೈದು ನಿಮಿಷದ ಪಾಠ, ದಿನಕ್ಕೆ ಮೂರು ಸಲ ಸಾಕು. ಒತ್ತಿ ಕೂಡಿಸಬಾರದು, ಒಂದೇ ಮಾತನ್ನು ಹತ್ತು ಸಲ ಕಿರುಚಬಾರದು.

ಮೈಮೇಲೆ ಹಾರುವುದಕ್ಕೆ ಮದ್ದು, ಬೆನ್ನು ತಿರುಗಿಸಿ ನಿಲ್ಲುವುದು. ನಾಲ್ಕೂ ಕಾಲು ನೆಲಕ್ಕೆ ತಾಗಿದಾಗ ಮಾತ್ರ ಮಾತನಾಡಿಸುವುದು. ಹದಿನೈದು ದಿನದಲ್ಲಿ ನಿಂತೇಬಿಡುತ್ತಿತ್ತು. ಅಷ್ಟರಲ್ಲಿ ಸೊಲ್ಲಾಪುರದಿಂದ ಬಂದ ನಮ್ಮ ಸೋದರಮಾವ "ಇರ್ಲಿ ಬಿಡ್ರಿ, ಪ್ರೀತಿಲೆ ಹಾರ್ತದ" ಎಂದು ತಬ್ಬಿಕೊಂಡುಬಿಟ್ಟರು. ಹತ್ತು ಸಲಕ್ಕೆ ಒಂದು ಸಲ ಫಲಿಸುವ ಚಟ ದಿನವೂ ಫಲಿಸುವುದಕ್ಕಿಂತ ಗಟ್ಟಿ. ಓಸಿ ಆಡುವವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾವನವರು ಹೋದ ಮೇಲೆ ಮತ್ತೆ ಮೊದಲಿಂದ ಆರಂಭ.

ಕಷ್ಟವಾದದ್ದು ಓಡುವುದನ್ನು ಅಟ್ಟುವ ಚಟ. ಅದು ಅದರ ರಕ್ತದಲ್ಲಿದೆ. ಕಣ್ಣಿನಿಂದ ಬೇಟೆಯಾಡುವ ತಳಿ, ಓಡುವುದೆಲ್ಲ ಅದಕ್ಕೆ ಮೊಲ. ಹವಾಲ್ದಾರರು ನಮ್ಮನ್ನು ಬೆಳಿಗ್ಗೆ ಐದೂವರೆಗೆ ಜೇಲ್ ರಸ್ತೆಗೆ ಕರೆದೊಯ್ದು, ಪತ್ರಿಕೆಯ ಹುಡುಗರು ಸೈಕಲ್ಲು ಹಚ್ಚುವಲ್ಲಿಂದ ಐವತ್ತು ಹೆಜ್ಜೆ ದೂರ ನಿಲ್ಲಿಸಿದರು. ಅಷ್ಟು ದೂರದಿಂದ ಸೈಕಲ್ಲು ಕಂಡರೆ ಕಾಳಿ ಕಿವಿ ನಿಮಿರಿಸುತ್ತಿತ್ತು, ಜಗ್ಗುತ್ತಿರಲಿಲ್ಲ. ಸೈಕಲ್ಲು ಕಂಡಿತೆ, ಒಂದು ಚೂರು ಪನೀರು. ಮತ್ತೊಂದು ಸೈಕಲ್ಲು, ಮತ್ತೊಂದು ಚೂರು. ವಾರಕ್ಕೆ ನಾಲ್ಕಾರು ಹೆಜ್ಜೆ ಮುಂದೆ. ಜಗ್ಗಿತೆಂದರೆ ನಾವು ಅವಸರ ಮಾಡಿದೆವೆಂದು ಅರ್ಥ. ಹತ್ತು ಹೆಜ್ಜೆ ಹಿಂದೆ. ರಶಿಯದ ಪಾವ್‌ಲೋವರಿಗೆ 1904ರಲ್ಲಿ ನೊಬೆಲ್ ಬಹುಮಾನ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗಾಗಿ, ಆದರೆ ಜಗತ್ತು ಅವರನ್ನು ನೆನೆಯುವುದು ಊಟದ ಸೂಚನೆಗೇ ಜೊಲ್ಲು ಸುರಿಸಿದ ನಾಯಿಗಳಿಗಾಗಿ. ಅದೇ ಕ್ರಮ ಇದು. ನಾಲ್ಕು ತಿಂಗಳ ಮೇಲೆ ಕಾಳಿ ಸೈಕಲ್ಲು ಕಂಡರೆ ತಿರುಗಿ ನಮ್ಮ ಕಿಸೆಯನ್ನು ನೋಡತೊಡಗಿತು. ಇಷ್ಟರ ಜೊತೆಗೆ ವಾರಕ್ಕೆರಡು ಸಲ ಬೇಲಿ ಹಾಕಿದ ಬಯಲಿನಲ್ಲಿ ಬಿಟ್ಟು ಓಡಿಸುತ್ತೇವೆ. ಓಡಲು ಹುಟ್ಟಿದ್ದನ್ನು ಕಟ್ಟಿಹಾಕಿ, ಚಪ್ಪಲಿ ಕಡಿಯಿತೆಂದು ದೂರುತ್ತಿದ್ದವರು ನಾವು.

ಮನೆಯಿಂದ ಹೊರಗೆ ಹೋಗುವಾಗ ಬಾಯಿಗೆ ಬುಟ್ಟಿ ಕಟ್ಟುತ್ತೇವೆ. ಬಾಯಿ ತೆರೆದು ತೇಕಲು, ನೀರು ಕುಡಿಯಲು ಬರುವಂಥ ಜಾಳಿಗೆಯ ಬುಟ್ಟಿ. ಒಳಗೆ ಮೊಸರು ಸವರಿಟ್ಟು ರೂಢಿ ಮಾಡಿಸಿದ್ದರಿಂದ ಅದನ್ನು ಕಂಡರೆ ತಾನೇ ಮೂಗು ತೂರಿಸುತ್ತದೆ.

"ನೀವು ಒಡೆಯರು, ಅದರ ಮೇಲೆ ದರ್ಪ ತೋರಿಸಬೇಕು, ತೋಳಗಳ ಹಿಂಡಿನಲ್ಲಿ ನಾಯಕ ಹಾಗೆಯೇ ಮಾಡುತ್ತಾನೆ" ಎಂದು ಹಲವರು ಉಪದೇಶಿಸಿದರು. ಆ ಮಾತು ಹುಟ್ಟಿದ್ದು ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ಆವಾರದಲ್ಲಿ ಕೂಡಿಹಾಕಿ ನೋಡಿದವರಿಂದ. 1970ರ ತಮ್ಮ ಪುಸ್ತಕದಲ್ಲಿ ಅದಕ್ಕೆ ಪ್ರಚಾರ ಕೊಟ್ಟ ಅಮೆರಿಕದ ಡೇವಿಡ್ ಮೀಚ್ ಅವರೇ, ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, ಹಿಂಡೆಂದರೆ ತಂದೆ ತಾಯಿ ಮಕ್ಕಳ ಸಂಸಾರ, ನಾಯಕನೆಂದರೆ ತಂದೆ ಎಂದು 1999ರಲ್ಲಿ ತಿದ್ದಿಕೊಂಡರು. ನಾವು ಓದಿದ್ದು ತಿದ್ದುಪಡಿಯ ಮುಂಚಿನ ಮಾತನ್ನು.

ಗುರುಗುಡುವಿಕೆಯ ವಿಷಯ ಉಳಿಯಿತು. ಹವಾಲ್ದಾರರು ನಮ್ಮ ಕಥೆಯನ್ನೆಲ್ಲ ಕೇಳಿ ಆ ಮಾತಿಗೆ ಬಂದಾಗ ಚಹದ ಬಟ್ಟಲನ್ನು ಕೆಳಗಿಟ್ಟರು. "ಗುರ್ ಅನ್ನೂದಂದ್ರ 'ಸಾಕು, ದೂರ ಸರೀರಿ' ಅಂತ ಅದು ಕೇಳಿಕೊಳ್ಳೂದು. ಕೇಳಿಕೊಂಡಿದ್ದಕ್ಕ ಹೊಡದ್ರಿ. ಕೇಳೂದ ಬಿಟ್ತು. ಕೂಸು ದೂರ ಸರೀಬೇಕಂತ ಹ್ಯಾಂಗ ತಿಳೀಬೇಕ್ರೀ ಪಾಪ?" ಎಂದರು. ನಾವು ಯಾರೂ ಉತ್ತರ ಕೊಡಲಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಬೇಡಿ, ಬೊಗಳುವ ನಾಯಿಯೂ ಕಚ್ಚುತ್ತದೆ. ಆದರೆ ಗುರುಗುಡುವ ನಾಯಿ ನಿಮಗೆ ಸಮಯ ಕೊಡುತ್ತದೆ. ಉಣ್ಣುವ, ಮಲಗಿದ ನಾಯಿಯನ್ನು ಮುಟ್ಟಬಾರದೆಂದು ಮಕ್ಕಳಿಗೆ ಕಲಿಸಬೇಕಾದವರು ನಾವು. ಕಲಿಸಲಿಲ್ಲ. ಒಂದೂವರೆ ವರ್ಷದ ಮೇಲೆ, ನೆಂಟರ ಮಗುವೊಂದು ತಾಟಿನ ಹತ್ತಿರ ಹೋದಾಗ ಕಾಳಿ ಮತ್ತೆ ಗುರ್ ಎಂದಿತು. ಮಗುವನ್ನು ಎತ್ತಿಕೊಂಡು, ನಾವು ಗಂಡಹೆಂಡಿರು ಒಬ್ಬರ ಮೋರೆ ಒಬ್ಬರು ನೋಡಿದೆವು. ನೆಂಟರಿಗೆ ನಮ್ಮ ಸಂತೋಷ ವಿಚಿತ್ರವಾಗಿ ಕಂಡಿರಬೇಕು.

ಯೆರವಡಾದವರಾಗಿ ಗಾಂಧೀಜಿಯವರ ಹೆಸರೆತ್ತದೆ ಕೂಡಲಾರೆವು. 1926ರಲ್ಲಿ ಅಹಮದಾಬಾದಿನ ಗಿರಣಿಯೊಂದರ ಆವಾರದಲ್ಲಿ ಅರವತ್ತು ಬೀದಿನಾಯಿಗಳನ್ನು ಕೊಲ್ಲಿಸಿದಾಗ ಅವರು 'ಯಂಗ್ ಇಂಡಿಯಾ'ದಲ್ಲಿ ಸರಣಿಯಾಗಿ ಬರೆದು ಬಹಳ ಜನರ ಸಿಟ್ಟಿಗೆ ಗುರಿಯಾದರು. ಒಡೆಯರಿಲ್ಲದ ನಾಯಿಗಳು ಅಲೆಯುವುದೇ ಸಮಾಜಕ್ಕೆ ನಾಚಿಕೆಗೇಡು, ಬೀದಿಯಲ್ಲಿ ರೊಟ್ಟಿ ಎಸೆದು ಪುಣ್ಯ ಕಟ್ಟಿಕೊಳ್ಳುವುದು ದಯೆಯಲ್ಲ, ಸಾಕುವುದಾದರೆ ಹೊಣೆ ಹೊತ್ತು ಸಾಕಬೇಕು ಎಂಬುದು ಅವರ ವಾದದ ತಿರುಳು. ಕೊಲ್ಲುವ ಮಾತನ್ನು ನಾವು ಒಪ್ಪುವುದಿಲ್ಲ, ಈಗಿನ ಕಾನೂನೂ ಒಪ್ಪುವುದಿಲ್ಲ. 2025ರ ಆಗಸ್ಟಿನಲ್ಲಿ ದಿಲ್ಲಿಯ ಬೀದಿನಾಯಿಗಳ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯ 11ನೆಯ ತಾರೀಖು ಒಂದು ಆಜ್ಞೆ ಮಾಡಿ 22ಕ್ಕೆ ಅದನ್ನು ಮಾರ್ಪಡಿಸಬೇಕಾಯಿತು. ತೊಂಬತ್ತೊಂಬತ್ತು ವರ್ಷದ ಮೇಲೂ ವಾದ ಮುಗಿದಿಲ್ಲ. ಆದರೆ ಬಂಡ್ ಸೇತುವೆಯ ಆಚೆ ಕಾಳಿಯನ್ನು ಬಿಟ್ಟುಬಂದಿದ್ದರೆ, ಅವರು ನಾಚಿಕೆಗೇಡೆಂದ ಲೆಕ್ಕಕ್ಕೆ ನಾವೂ ಒಂದನ್ನು ಕೂಡಿಸಿದಂತಾಗುತ್ತಿತ್ತು. ಅವರೇ 1932ರಲ್ಲಿ ನಮ್ಮೂರ ಸೆರೆಮನೆಯಿಂದ ಆಶ್ರಮದವರಿಗೆ ಬರೆದ ಪತ್ರವೊಂದರಲ್ಲಿ ಒಂದು ಬೆಕ್ಕು ತನ್ನ ಮರಿಗಳಿಗೆ ಪಾಠ ಹೇಳುವುದನ್ನು ವರ್ಣಿಸಿದ್ದಾರೆ. ಬೆಕ್ಕು ತಾನು ಮಾಡುತ್ತದೆ, ಮರಿಗಳು ನೋಡಿ ಮಾಡುತ್ತವೆ. ಆ ಗೋಡೆಯ ಪಕ್ಕದಲ್ಲೇ ದಿನವೂ ನಾಯಿ ಹಿಡಿದು ಹೋಗುವ ನಾವು ಇದನ್ನು ಓದಿದ್ದು ಬೆತ್ತ ಮುರಿದೆಸೆದ ಎಷ್ಟೋ ದಿನದ ಮೇಲೆ.

ಇನ್ನು ಎರಡು ಸಣ್ಣ ಸೂಚನೆ. ಪ್ರೀತಿಯಿಂದ ದ್ರಾಕ್ಷಿ, ಮನುಕ, ಉಳ್ಳಾಗಡ್ಡಿ, ಚಾಕೊಲೇಟು ಹಾಕಬೇಡಿ, ನಾಯಿಗೆ ಅವು ವಿಷ. ದೀಪಾವಳಿಯ ಪಟಾಕಿಗೆ ನಡುಗುವ ನಾಯಿಯನ್ನು ಗದರಿಸಿ ಧೈರ್ಯ ಕಲಿಸಲಾಗದು; ಕಿಟಕಿ ಮುಚ್ಚಿ, ಫ್ಯಾನು ಹಚ್ಚಿ, ಹತ್ತಿರ ಕೂಡಬೇಕು. ಕಾಳಿ ಈಗಲೂ ಆ ಮೂರು ರಾತ್ರಿ ಮಂಚದ ಕೆಳಗೇ. ಅದಕ್ಕೆ ನಮ್ಮಲ್ಲಿ ಮದ್ದಿಲ್ಲ.

ಎದುರು ಮನೆಯ ಹುಡುಗಿಗೆ ಈಗ ಒಂಬತ್ತು. ಬಹಳ ದಿನ ಅವಳು ನಮ್ಮ ಬಾಗಿಲು ದಾಟುವಾಗ ಗೋಡೆಗೆ ಅಂಟಿಕೊಂಡು ಹೋಗುತ್ತಿದ್ದಳು. ನಾವು ಅವಳನ್ನು ಕರೆಯಲಿಲ್ಲ, ಅಂಜಬೇಡ ಎನ್ನಲಿಲ್ಲ. ಮೊನ್ನೆ ದಸರೆಯ ದಿನ ಬನ್ನಿ ಕೊಡಲು ತಾಯಿಯ ಜೊತೆ ಬಂದಳು. ಕಾಳಿ ಬಾಯಿಗೆ ಬುಟ್ಟಿ ಕಟ್ಟಿಕೊಂಡು, ಒಳಗಿನ ಜಾಳಿಗೆ ಬಾಗಿಲಿನ ಆಚೆ ನಿಂತಿತ್ತು. ಅವಳು ನಮ್ಮ ಮಗಳ ಕೈ ಹಿಡಿದುಕೊಂಡು, ಬಾಗಿಲಿನಿಂದ ಎರಡು ಮಾರು ದೂರದಲ್ಲಿ ನಿಂತು, ಬಹಳ ಹೊತ್ತು ನೋಡಿ, ಮೆಲ್ಲಗೆ "ಕೂಡು" ಎಂದಳು. ಉಚ್ಚಾರ ಅಚ್ಚ ಮರಾಠಿ. ಕಾಳಿ ಕೂತಿತು. ಅವಳು ಅದನ್ನು ಮುಟ್ಟಲಿಲ್ಲ. ತಾಯಿಯ ಕೈಯಲ್ಲಿದ್ದ ಬನ್ನಿಯ ಎಲೆ ತೆಗೆದು ಜಾಳಿಗೆಯ ಈಚೆ ನೆಲದ ಮೇಲಿಟ್ಟು ಹೋದಳು.